ಗೆಳೆಯರ ಜೊತೆ ಆರ್ಟ್ ಗ್ಯಾಲರಿಗೆ ಚಿತ್ರ ನೋಡಲು ಹೋಗುವಾಗ

ಮೊದಲು ಎಷ್ಟು ಜನ ಅಂತ ತೀರ್ಮಾನ ಮಾಡಿ. ಮೂರು, ಜಾಸ್ತಿ ಅಂದರೆ ನಾಲ್ಕು. ನಾವು ಒಮ್ಮೆ ಒಂಬತ್ತು ಜನ ಹೋಗಿದ್ದೆವು. ಒಬ್ಬರಿಗೆ ಹಸಿವು, ಇನ್ನೊಬ್ಬರಿಗೆ ಫೋಟೊ, ಮತ್ತೊಬ್ಬರು ಆಗಲೇ ಮುಂದಿನ ಕೋಣೆಯಲ್ಲಿ, ಹೀಗೆ ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಮಧ್ಯಾಹ್ನ ಕಳೆದುಹೋಯಿತು. ಅವತ್ತು ನೋಡಿದ ಒಂದು ಚಿತ್ರವೂ ನನಗೆ ನೆನಪಿಲ್ಲ.

ಬೆಂಗಳೂರಿನವರು ಅರಮನೆ ರಸ್ತೆಯ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್, ಅಂದರೆ ಎನ್‌ಜಿಎಂಎಯಿಂದ ಶುರು ಮಾಡಿ. ಹಳೇ ಮಾಣಿಕ್ಯವೇಲು ಬಂಗಲೆ ಅದು, 2009ರಲ್ಲಿ ಗ್ಯಾಲರಿ ಆಯಿತು. ಮರಗಳ ನೆರಳಿದೆ, ಹೊರಗೆ ಕೂತು ಮಾತಾಡಬಹುದು. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ) ಇದೆ, ಅದೇ ರಸ್ತೆಯಲ್ಲಿ ವೆಂಕಟಪ್ಪ ಚಿತ್ರಶಾಲೆಯೂ ಇದೆ. ಎಲ್ಲವನ್ನೂ ಒಂದೇ ದಿನ ಮುಗಿಸುವ ಆಸೆ ಬೇಡ. ಎರಡು ಗಂಟೆ ಆದಮೇಲೆ ಕಣ್ಣು ನೋಡುತ್ತಿರುತ್ತದೆ, ತಲೆಗೆ ಏನೂ ಹೋಗುವುದಿಲ್ಲ. ಸೋಮವಾರ ಸಾಮಾನ್ಯವಾಗಿ ರಜೆ. ಹೊರಡುವ ಮುಂಚೆ ಯಾವ ಪ್ರದರ್ಶನ ನಡೆಯುತ್ತಿದೆ, ಬಾಗಿಲು ತೆರೆದಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಒಳಗೆ ಹೋದ ತಕ್ಷಣ ಬೇರೆ ಬೇರೆ ಆಗಿ. ಜೊತೆಗೆ ಬಂದು ಬೇರೆ ಹೋಗುವುದಾ ಅನ್ನಿಸಬಹುದು, ಆದರೆ ಗುಂಪಲ್ಲಿ ನಡೆದರೆ ಎಲ್ಲರೂ ಎಲ್ಲರ ವೇಗಕ್ಕೆ ಕಾಯುತ್ತಾ ಯಾರೂ ಏನೂ ನೋಡುವುದಿಲ್ಲ. ಮುಕ್ಕಾಲು ಗಂಟೆ ಒಬ್ಬೊಬ್ಬರೇ ಸುತ್ತಿ, ತಮಗೆ ಇಷ್ಟವಾದ, ಇಲ್ಲಾ ಅರ್ಥವೇ ಆಗದ ಒಂದೇ ಒಂದು ಚಿತ್ರ ಆರಿಸಿಕೊಳ್ಳಿ. ಆಮೇಲೆ ಸೇರಿ, ಒಬ್ಬರ ಚಿತ್ರದ ಮುಂದೆ ಎಲ್ಲರೂ ನಿಲ್ಲಿ. ಆರಿಸಿದವರು ಕೊನೆಗೆ ಮಾತಾಡಬೇಕು. ಉಳಿದವರು ಮೊದಲು ಏನು ಕಾಣುತ್ತಿದೆ ಅಂತ ಹೇಳಲಿ. ‘ಚೆನ್ನಾಗಿದೆ’ ಅಂದರೆ ಸಾಲದು. ಪಕ್ಕದ ಚೀಟಿ ಓದುವುದು ಆಮೇಲೆ.

ಇದನ್ನು ನಾನು ಕಲಿತದ್ದು ಚಿತ್ರಕಲಾ ಪರಿಷತ್ತಿನಲ್ಲಿ, ಮೈಸೂರು ಶೈಲಿಯ ಒಂದು ಹಳೇ ಚಿತ್ರದ ಮುಂದೆ. ದೇವರ ಮನೆಯ ಪಟದ ಥರ ಇದೆ ಅಂತ ನಾನು ಹಾಗೇ ದಾಟಿ ಹೋಗಿದ್ದೆ. ಗೆಳತಿ ಕೈ ಹಿಡಿದು ವಾಪಸ್ ಕರೆತಂದಳು. ‘ಎದುರಿಗೆ ನಿಲ್ಲಬೇಡ, ಪಕ್ಕದಿಂದ ಬಗ್ಗಿ ನೋಡು’ ಅಂದಳು. ಬಗ್ಗಿದರೆ ಕಿರೀಟ, ಸರ, ಸೀರೆಯ ಅಂಚು ಎಲ್ಲ ಬೆಳಕಿಗೆ ಸಣ್ಣಗೆ ಎದ್ದು ನಿಂತವು! ಚಿನ್ನದ ರೇಕಿನ ಕೆಳಗೆ ತೆಳುವಾಗಿ ಉಬ್ಬು ಕೆಲಸ ಮಾಡಿರುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ದಪ್ಪ, ಕಲ್ಲುಗಳೂ ಇರುತ್ತವೆ, ದೂರದಿಂದಲೇ ಕಾಣುತ್ತದೆ. ಮೈಸೂರಿನದು ಎಷ್ಟು ನಾಜೂಕು ಅಂದರೆ ಯಾರಾದರೂ ತೋರಿಸದಿದ್ದರೆ ತಪ್ಪಿಹೋಗುತ್ತದೆ. ನನಗಂತೂ ತಪ್ಪಿಹೋಗಿತ್ತು.

ಮೈಸೂರಿಗೆ ಹೋದರೆ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಹೀಗೇ ಮಾಡಿ. ತುಂಬಾ ಜನ ಅದನ್ನು ರವಿವರ್ಮನದು ಅಂದುಕೊಂಡಿದ್ದಾರೆ, ಬರೆದವರು ಎಸ್. ಎಲ್. ಹಲ್ದಣಕರ್. ಎಣ್ಣೆ ಬಣ್ಣವೂ ಅಲ್ಲ, ವಾಟರ್ ಕಲರ್. ದೀಪಕ್ಕೆ ಅಡ್ಡ ಹಿಡಿದ ಕೈ ನೋಡಿ, ಬೆರಳ ಸಂದಿಯಲ್ಲಿ ಬೆಳಕು ಕೆಂಪಾಗಿ ಸೋರುತ್ತದೆ. ಟಾರ್ಚ್ ಮೇಲೆ ಅಂಗೈ ಇಟ್ಟು ಆಡಿದ್ದು ನೆನಪಿದೆ ಅಲ್ವಾ, ಅದೇ ಕೆಂಪು.

ಫೋಟೊ ತೆಗೆಯಬಹುದಾ ಅಂತ ಕೇಳಿ, ಫ್ಲ್ಯಾಶ್ ಬೇಡವೇ ಬೇಡ. ಬಣ್ಣ ಮುಟ್ಟಬೇಡಿ.

ಮುಗಿದ ಮೇಲೆ ಫೋನ್ ತೆಗೆಯದೆ ಸುಮ್ನೆ ನೆನಪಿನಿಂದ ಒಬ್ಬೊಬ್ಬರು ಒಂದು ಚಿತ್ರ ಹೇಳಿ. ಸೀರೆ ಯಾವ ಬಣ್ಣ, ಯಾವ ಕಡೆ ತಿರುಗಿದ್ದಳು, ಹಿಂದೆ ಏನಿತ್ತು? ಖಂಡಿತ ಜಗಳ ಬರುತ್ತದೆ. ಅದಕ್ಕೇ ಈ ಆಟ ಗೇಟು ದಾಟುವ ಮುಂಚೆ ಆಡಿ, ವಾಪಸ್ ಹೋಗಿ ನೋಡಿಕೊಂಡು ಬರಬಹುದು.