ಬ್ರೇಕ್ ದೀಪ ಕೆಟ್ಟಾಗ ಮೊದಲು ನೋಡಬೇಕಾದದ್ದು

ಬ್ರೇಕ್ ದೀಪ ಕೆಟ್ಟಿರುವುದು ಕಾರು ಓಡಿಸುವವರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ನಮ್ಮ ಮನೆಯ ಮಕ್ಕಳಿಗೆಲ್ಲ ಒಂದು ಮಾತು ಹೇಳಿಟ್ಟಿದ್ದೇನೆ: ಕತ್ತಲಾದ ಮೇಲೆ ಕಾರನ್ನು ಹಿಮ್ಮುಖವಾಗಿ ಗೋಡೆಯ ಹತ್ತಿರ ನಿಲ್ಲಿಸಿ, ಬ್ರೇಕ್ ತುಳಿದು ಕನ್ನಡಿಯಲ್ಲಿ ನೋಡಿ. ಗೋಡೆಯ ಮೇಲೆ ಎರಡೂ ಬದಿಗೆ ಕೆಂಪು ಬೆಳಕು ಬೀಳಬೇಕು.

ಬೀಳಲಿಲ್ಲವೆಂದು ಕೂಡಲೇ ಬಲ್ಬ್ ಕೊಳ್ಳಲು ಹೋಗಬೇಡಿ. ಎಷ್ಟು ದೀಪ ಆರಿವೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಎಡ, ಬಲ, ಹಿಂದಿನ ಗಾಜಿನ ಬಳಿಯದು ಎಲ್ಲವೂ ಆರಿದ್ದರೆ ದೋಷ ಹೆಚ್ಚಾಗಿ ಫ್ಯೂಸಿನಲ್ಲಿ, ಇಲ್ಲವೇ ಪೆಡಲ್ ಮೇಲಿರುವ ಸ್ವಿಚ್ಚಿನಲ್ಲಿ. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ತಂತಿ ಸುತ್ತಿ ಕೆಲಸ ಸಾಗಿಸಿದರೆ ವೈರಿಂಗೇ ಸುಟ್ಟುಹೋದೀತು. ಹೊಸದೂ ಹೋಯಿತೆಂದರೆ ಎಲ್ಲೋ ಶಾರ್ಟ್ ಆಗಿದೆ. ಅದು ಎಲೆಕ್ಟ್ರಿಷಿಯನ್ ಕೆಲಸ.

ಒಂದೇ ಬದಿ ಆರಿದ್ದರೆ ಬಲ್ಬ್ ಬಿಚ್ಚಿ. ಅನೇಕ ಕಾರುಗಳಲ್ಲಿ ಒಂದೇ ಬಲ್ಬಿನೊಳಗೆ ಎರಡು ಎಳೆಗಳಿರುತ್ತವೆ: ರಾತ್ರಿ ದೀಪಕ್ಕೆ 5 ವ್ಯಾಟ್, ಬ್ರೇಕಿಗೆ 21 ವ್ಯಾಟ್. ಹಾಗಾಗಿ ರಾತ್ರಿ ದೀಪ ಉರಿದ ಮಾತ್ರಕ್ಕೆ ಬಲ್ಬ್ ಚೆನ್ನಾಗಿದೆ ಎನ್ನಲಾಗದು. ಬೆಳಕಿಗೆ ಹಿಡಿದು ಬ್ರೇಕಿನ ದಪ್ಪ ಎಳೆ ತುಂಡಾಗಿದೆಯೇ ನೋಡಿ. ಬಲ್ಬಿನ ಬುಡದ ಬದಿಯಲ್ಲಿರುವ ಎರಡು ಮೊಳೆಗಳು ಒಂದು ಮೇಲೆ, ಒಂದು ಕೆಳಗೆ ಇರುವುದರಿಂದ ಹೊಸದು ಒಂದೇ ರೀತಿಯಲ್ಲಿ ಕೂರುತ್ತದೆ. ಕೂರದಿದ್ದರೆ ತಿರುಗಿಸಿ ಹಿಡಿಯಿರಿ, ಬಲವಂತ ಬೇಡ.

ಮಲೆನಾಡು, ಕರಾವಳಿಯ ಕಾರುಗಳಲ್ಲಿ ನನಗೆ ಬಲ್ಬಿಗಿಂತ ಹೋಲ್ಡರಿನ ಮೇಲೇ ಅನುಮಾನ. ಮಳೆಗಾಲದಲ್ಲಿ ನೀರು ಒಳಸೇರಿ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ದೀಪಗಳನ್ನು ಆರಿಸಿ, ಉಪ್ಪುಕಾಗದದ ಚೂರನ್ನು ಕಡ್ಡಿಗೆ ಸುತ್ತಿ, ಲೋಹ ಹೊಳೆಯುವವರೆಗೆ ಮೆಲ್ಲಗೆ ಉಜ್ಜಿ. ದೀಪದ ಹಿಂದಿನ ರಬ್ಬರ್ ಬಿರಿದಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಮುಂದಿನ ಮಳೆಗೆ ಮತ್ತೆ ಇದೇ ಪಾಡು. ಬ್ರೇಕ್ ತುಳಿದಾಗ ಇಂಡಿಕೇಟರ್ ಕೂಡ ಮಂಕಾಗಿ ಮಿನುಗಿದರೆ ಅರ್ಥಿಂಗ್ ತಂತಿ ಸಡಿಲವಾಗಿದೆಯೆಂದು ತಿಳಿಯಿರಿ. ಎಲ್‌ಇಡಿ ದೀಪಗಳಾದರೆ ಸಾಮಾನ್ಯವಾಗಿ ಇಡೀ ದೀಪವನ್ನೇ ಬದಲಿಸಬೇಕಾಗುತ್ತದೆ.

ಕಾಲು ತೆಗೆದರೂ ದೀಪ ಆರದಿದ್ದರೆ ಪೆಡಲಿನ ಕೆಳಗೆ, ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರುಗಳಿವೆಯೇ ಹುಡುಕಿ. ಪೆಡಲಿನ ತೋಳಿನಲ್ಲಿರುವ ರಂಧ್ರಕ್ಕೆ ಒಂದು ಪುಟ್ಟ ಪ್ಲಾಸ್ಟಿಕ್ ಗುಂಡಿ (ಬಟನ್) ಹಾಕಿರುತ್ತದೆ. ಸ್ವಿಚ್ಚನ್ನು ಒತ್ತಿ ಹಿಡಿಯುವುದು ಅದೇ. ಹಳೆಯದಾಗಿ ಅದು ಪುಡಿಯಾದರೆ ಸ್ವಿಚ್ಚಿನ ಕಡ್ಡಿ ರಂಧ್ರದೊಳಗೆ ನುಗ್ಗಿ ದೀಪ ಉರಿಯುತ್ತಲೇ ಇರುತ್ತದೆ. ಗುಂಡಿ ಅಗ್ಗದ್ದು. ಅದು ಸಿಗುವವರೆಗೆ ರಾತ್ರಿ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಿ, ಇಲ್ಲದಿದ್ದರೆ ಬೆಳಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ.