2ರ ಘಾತ 67, ಅದರಲ್ಲಿ ಒಂದು ಕಳೆದದ್ದು: ನಾನು ಒಡೆದ ಬಗೆ

147573952589676412927. ಈ 21 ಅಂಕಿಗಳನ್ನು ಈಗ ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲೆ. 1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ, 1876ರಲ್ಲಿ ಗಣಿತಜ್ಞ ಲ್ಯೂಕಾ ಅಲ್ಲವೆಂದು ತೋರಿಸಿದ, 1903ರಲ್ಲಿ ಗಣಿತಜ್ಞ ಕೋಲ್ ಎರಡು ಅಪವರ್ತನಗಳಾಗಿ ಒಡೆದೇಬಿಟ್ಟ. ಉತ್ತರ ಗೊತ್ತಿರುವುದಕ್ಕೆ ಇಷ್ಟೊಂದು ಒದ್ದಾಟವೇಕೆ ಎಂದು ಗೆಳೆಯ ನಕ್ಕ. ಪಕ್ಕದ ಮನೆಯಲ್ಲಿ ಅಡುಗೆಯಾಗಿದೆ ಎಂದು ನಾವು ಒಲೆ ಹಚ್ಚದೆ ಇರುತ್ತೇವೆಯೇ? ಕೋಲ್‌ಗೆ ಮೂರು ವರ್ಷದ ಭಾನುವಾರಗಳು ಹಿಡಿದವಂತೆ. ನನಗೆ ಕಂಪ್ಯೂಟರ್ ಇದ್ದೂ ಸುಮಾರು ನಾಲ್ಕು ತಿಂಗಳು.

ಮೊದಲು ಜರಡಿ ಹಿಡಿದೆ, ಅಂದರೆ ಅಪವರ್ತನವಾಗಬಲ್ಲ ಸಂಖ್ಯೆಗಳನ್ನು ಒಂದೊಂದಾಗಿ ಪರೀಕ್ಷಿಸಿದೆ: 134ರ ಗುಣಕಕ್ಕೆ ಒಂದು ಸೇರಿಸಿದ ಸಂಖ್ಯೆಗಳು, ಅದರಲ್ಲೂ 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯುವಂಥವು ಮಾತ್ರ. ಏನೂ ಸಿಗಲಿಲ್ಲ. ಲ್ಯಾಪ್‌ಟಾಪ್ ಸಾಲದೇನೋ ಎಂದು ತಿಂಗಳಿಗೆ 900 ರೂಪಾಯಿಯಂತೆ ಎರಡು ತಿಂಗಳು ಸರ್ವರ್ ಬಾಡಿಗೆಗೆ ಪಡೆದೆ. ಕರೆಂಟ್ ಕೈಕೊಡುತ್ತಿದ್ದರಿಂದ ಮನೆಯ ಯುಪಿಎಸ್‌ಗೆ ಬ್ಯಾಟರಿ, ಅದು ಬೇರೆ ಎರಡು ಸಾವಿರದ ಮೇಲೆ. ಆಗಲೂ ಏನೂ ಇಲ್ಲ.

ಕೊನೆಗೆ ಗಣಿತಜ್ಞ ಪೊಲಾರ್ಡ್ 1974ರಲ್ಲಿ ಕೊಟ್ಟ 'ಪಿ ಮೈನಸ್ ಒಂದು' ವಿಧಾನಕ್ಕೆ ಬಂದೆ: ಅಪವರ್ತನದಲ್ಲಿ ಒಂದು ಕಳೆದು ಒಡೆದಾಗ ಒಂದು ಮಿತಿಯೊಳಗಿನ ಅವಿಭಾಜ್ಯಗಳೇ ಬಂದರೆ ಅದು ಸಿಕ್ಕಿಬೀಳುತ್ತದೆ. ಅದು ಲಾಟರಿ, ಹತ್ತಿದರೆ ಹತ್ತಿತು ಎಂದ ಗೆಳೆಯ. ನಾನು ಅಭ್ಯಾಸಬಲದಿಂದ ಆಧಾರ, ಅಂದರೆ ಘಾತಕ್ಕೆ ಏರಿಸುವ ಸಂಖ್ಯೆ, 2 ಎಂದಿಟ್ಟೆ. ಪ್ರತಿ ಸಲವೂ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಎಂದು ಇಡೀ ಸಂಖ್ಯೆಯೇ ವಾಪಸು! 2ರ 67ನೆಯ ಘಾತವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಒಂದೇ ಉಳಿಯುತ್ತದೆ ಎಂಬುದನ್ನೇ ಮರೆತು ಒಂದು ವಾರ ಕಳೆದೆ. ಆಧಾರ 3 ಮಾಡಿದೆ, ಮಿತಿ 10,000. ಮತ್ತೆ ಇಡೀ ಸಂಖ್ಯೆ. ಕೈಬಿಡುವವನಿದ್ದೆ, ಸುಮ್ಮನೆ ಒಂದು ರಾತ್ರಿ ಮಿತಿಯನ್ನು 5,000ಕ್ಕೆ ಇಳಿಸಿದೆ. ರಿಟರ್ನ್ ಒತ್ತಿ ಕೈ ತೆಗೆಯುವಷ್ಟರಲ್ಲಿ ಪರದೆಯ ಮೇಲೆ 193707721.

ಒಂದನ್ನು ಕಳೆದು ಒಡೆದರೆ 8, 27, 5, 67, 2677. ಇನ್ನೊಂದು ಅಪವರ್ತನ 761838257287. ಅದರಲ್ಲಿ ಒಂದು ಕಳೆದು ಒಡೆದರೆ ಬರುವ ಅತಿ ದೊಡ್ಡ ಅವಿಭಾಜ್ಯ 8539. ಮಿತಿ ಅದನ್ನು ದಾಟಿದರೆ ಎರಡೂ ಒಟ್ಟಿಗೆ ಬಲೆಗೆ ಬೀಳುತ್ತವೆ, ಬೇರೆ ಮಾಡಲು ಆಗುವುದಿಲ್ಲ. ಮ.ಸಾ.ಅ.ವನ್ನು ನಡುವೆ ಎಷ್ಟು ಹೆಜ್ಜೆಗೊಮ್ಮೆ ತೆಗೆಯಬೇಕೆಂಬ ಲೆಕ್ಕವೂ ಈಗ ನನ್ನ ಬಳಿ ಇದೆ, ಅದನ್ನು ಮಾತ್ರ ಹೇಳುವುದಿಲ್ಲ.

ಗುಣಾಕಾರವನ್ನು ನೋಟ್‌ಬುಕ್ಕಿನಲ್ಲೂ ಮಾಡಿದೆ. ಎರಡು ಅಂಕಿ ಅದಲುಬದಲಾಗಿದ್ದವು. ಒಂಬತ್ತರಿಂದ ಭಾಗಿಸಿ ಶೇಷ ನೋಡುವ ತಾಳೆಗೆ ಅದು ಕಾಣಲಿಲ್ಲ, ಹನ್ನೊಂದರ ತಾಳೆ ಹಿಡಿಯಿತು.

ಜರಡಿ ಏಕೆ ಸೋತಿತೆಂದು ಆಮೇಲೆ ಹುಡುಕಿದೆ. ಘಾತ ಲೆಕ್ಕಿಸುವಾಗ ಬರುವ ವರ್ಗಗಳನ್ನು ಇಡುವ ಜಾಗವನ್ನು 32 ಬಿಟ್‌ಗೆ ಬಿಟ್ಟಿದ್ದೆ. 65536ರ ವರ್ಗ ಅದರಲ್ಲಿ ಹಿಡಿಸದೆ ಸರಿಯಾಗಿ ಸೊನ್ನೆಯಾಗುತ್ತದೆ. ಅಲ್ಲಿಂದ ಮುಂದೆ ಎರಡು ತಿಂಗಳು ಸೊನ್ನೆಯನ್ನೇ ಜರಡಿ ಹಿಡಿದಿದ್ದೇನೆ. 64 ಬಿಟ್ ಮಾಡಿ ಮತ್ತೆ ಓಡಿಸಿದೆ. 134ರ 14,45,580ನೆಯ ಗುಣಕಕ್ಕೆ ಬಂದು ನಿಂತಿತು, ಎರಡು ಸೆಕೆಂಡೂ ಆಗಿರಲಿಲ್ಲ. ಈ ವಿಷಯವನ್ನು ಗೆಳೆಯನಿಗೆ ಇನ್ನೂ ಹೇಳಿಲ್ಲ.