ಕೇರಂ ಬೋರ್ಡ್ ಮೇಲೆ ಆಂಡ್ರಿಯಾ ಜಾನಿ

ಆಂಡ್ರಿಯಾ ಜಾನಿಯ ಆಟದ ಬದುಕಿನ ಮೇಲೆ ಕನ್ನಡದಲ್ಲಿ ವಿಡಿಯೋ ಸರಣಿ ಮಾಡ್ತೀನಿ ಅಂದಾಗ ನಮ್ಮ ವಾಲಿಬಾಲ್ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. 2007ರಲ್ಲೇ ಆಟ ಬಿಟ್ಟ ಇಟಲಿಯವನನ್ನು ಇಲ್ಲಿ ಯಾರಯ್ಯಾ ನೋಡ್ತಾರೆ ಅಂದರು. ಈಗ ಮೂರನೇ ಭಾಗವೊಂದನ್ನೇ ನಲವತ್ತು ಸಾವಿರದ ಹತ್ತಿರ ಜನ ನೋಡಿದ್ದಾರೆ. ಅಂದು ನಕ್ಕ ಒಬ್ಬ ಕೋಚ್ ಈಗ ಪ್ರಾಕ್ಟೀಸಿಗೆ ಮೊದಲು ಹುಡುಗರಿಗೆ ಅದನ್ನೇ ತೋರಿಸುತ್ತಾರೆ.

ಮೊದಲ ಎರಡು ಭಾಗ ನೆಲಕಚ್ಚಿದವು. ವರ್ಷದ ಪ್ರಕಾರ ಹೇಳಿಕೊಂಡು ಹೋಗಿದ್ದೆ. 1970ರಲ್ಲಿ ನೇಪಲ್ಸ್‌ನಲ್ಲಿ ಹುಟ್ಟು, 1985ರಲ್ಲಿ ಪಾರ್ಮಾ ಕ್ಲಬ್, 1996ರಿಂದ ಮೊಡೆನಾ. 1990, 1994, 1998ರಲ್ಲಿ ವಿಶ್ವ ಚಾಂಪಿಯನ್. ಪದಕದ ಪಟ್ಟಿ ಕೇಳುತ್ತಾ ಯಾರು ಕೂರುತ್ತಾರೆ? ಎರಡು ನಿಮಿಷಕ್ಕೆ ಮುಕ್ಕಾಲು ಪಾಲು ಜನ ಎದ್ದು ಹೋಗಿದ್ದರು. ದುಡ್ಡು ಹೋದದ್ದು ಬೇರೆ. ಇಟಲಿಯಿಂದ ಹಳೇ ಕ್ಯಾಸೆಟ್ ತರಿಸಲು ಅಂಚೆ, ಸುಂಕ ಎಲ್ಲ ಸೇರಿ ಒಂಬತ್ತು ಹತ್ತು ಸಾವಿರ. ಅದರಲ್ಲಿ ಅರ್ಧಕ್ಕೆ ಬೂಷ್ಟು ಹಿಡಿದಿತ್ತು. ಉಳಿದದ್ದನ್ನು ಕಂಪ್ಯೂಟರಿಗೆ ಇಳಿಸಲು ಇನ್ನೊಂದು ನಾಲ್ಕು ಸಾವಿರ. ಇಷ್ಟೆಲ್ಲ ಮಾಡಿ ಮ್ಯಾಚಿನ ತುಣುಕು ಹಾಕಿದರೆ ಕಾಪಿರೈಟ್ ದೂರು ಬಂತು, ವಿಡಿಯೋ ಮಾಯ.

ಆಮೇಲೆ ತುಣುಕು ಹಾಕುವುದನ್ನೇ ಬಿಟ್ಟೆ. ಮನೆಯ ಕೇರಂ ಬೋರ್ಡ್ ಮೇಲೆ ನಡುವೆ ಒಂದು ದಾರ ಎಳೆದೆ. ಆ ಕಡೆ ಆರು ಕರಿ ಪಾನ್, ಈ ಕಡೆ ಐದು ಬಿಳಿ. ಜಾನಿಗೆ ರೆಡ್. ಮೇಲಿನಿಂದ ಫೋನ್ ಕಟ್ಟಿ ಕೈಯಲ್ಲೇ ರೊಟೇಶನ್, ಅಂದರೆ ಸರ್ವ್ ಗೆದ್ದಾಗ ಆಟಗಾರರು ಜಾಗ ಸುತ್ತುವುದನ್ನು, ತಿರುಗಿಸಿದೆ. ವರ್ಷ ಬಿಟ್ಟು ಪೊಸಿಷನ್ ಹಿಡಿದೆ. ಅವನು ಎಡಬದಿಯಿಂದ ಹೊಡೆಯುವ ಔಟ್‌ಸೈಡ್ ಅಟ್ಯಾಕರ್ ಆಗಿಯೂ ಆಡಿದ, ನೆಟ್ ನಡುವೆ ತಡೆಯುವ ಮಿಡ್ಲ್ ಬ್ಲಾಕರ್ ಆಗಿಯೂ, ಬಲಬದಿಯಿಂದ ಹೊಡೆಯುವ ಆಪೊಸಿಟ್ ಆಗಿಯೂ. ದೇಶಕ್ಕೆ 474 ಪಂದ್ಯ ಆಡಿದವನು ಹೀಗೆ ಜಾಗ ಬದಲಿಸಿದ್ದಾನೆ ಅಂದರೆ ಕಥೆ ಅಲ್ಲೇ ಇದೆ ಅಲ್ವಾ?

ಅಂಕ ಎಣಿಸುವುದನ್ನೂ ಬಿಟ್ಟೆ. ತೊಂಬತ್ತರ ದಶಕದ ಕೊನೆಯವರೆಗೆ ಮೊದಲ ನಾಲ್ಕು ಸೆಟ್‌ಗಳಲ್ಲಿ ಸರ್ವ್ ಮಾಡಿದ ತಂಡಕ್ಕೆ ಮಾತ್ರ ಅಂಕ. ಆಗಿನ ಲೆಕ್ಕವನ್ನು ಈಗಿನದರ ಪಕ್ಕ ಇಟ್ಟರೆ ಸುಳ್ಳು ಹೇಳಿದ ಹಾಗೆ. 1998ಕ್ಕೆ ಮೊದಲು ಹಿಂದಿನ ಸಾಲಿನಲ್ಲಷ್ಟೇ ಆಡಿ ಚೆಂಡು ಎತ್ತುವ ಲಿಬೆರೊನೂ ಇರಲಿಲ್ಲ, ಮಿಡ್ಲ್ ಬ್ಲಾಕರ್ ಹಿಂದಿನ ಸಾಲಿಗೆ ಬಂದರೆ ಸಾಮಾನ್ಯವಾಗಿ ಅವನೇ ಚೆಂಡು ಎತ್ತಬೇಕು. ಹಾಗಾಗಿ ಯಾವ ಜಾಗದಿಂದ ಎಷ್ಟು ಸಲ ಚೆಂಡು ಮುಟ್ಟಿದ ಅಂತ ಮಾತ್ರ ಬರೆದುಕೊಂಡೆ. ಮಸುಕು ಕ್ಯಾಸೆಟ್‌ನಲ್ಲಿ ಜೆರ್ಸಿ ನಂಬರ್ ಕಾಣದಾಗ ಅವನನ್ನು ಹೇಗೆ ಗುರುತು ಹಿಡಿಯುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಮೂರನೇ ಭಾಗ 1996ರ ಅಟ್ಲಾಂಟಾ ಒಲಿಂಪಿಕ್ಸ್ ಫೈನಲ್. ನೆದರ್ಲೆಂಡ್ಸ್ ಎದುರು ಐದು ಸೆಟ್, ಕೊನೆಯದು 17-15, ಇಟಲಿಗೆ ಬೆಳ್ಳಿ. ಸಿಡ್ನಿಯಲ್ಲಿ ಕಂಚು, 2004ರಲ್ಲಿ ಅಥೆನ್ಸ್‌ನಲ್ಲಿ ಬ್ರೆಜಿಲ್ ಎದುರು ಸೋತು ಮತ್ತೆ ಬೆಳ್ಳಿ. ಐದು ಒಲಿಂಪಿಕ್ಸ್ ಆಡಿದರೂ ಚಿನ್ನ ಬರಲಿಲ್ಲ. ಅದು ಬಂದದ್ದು 2024ರ ಪ್ಯಾರಿಸ್‌ನಲ್ಲಿ, ಫ್ರಾನ್ಸ್ ಕೋಚ್ ಆಗಿ. ಆ ವಾರ ನನ್ನ ವಿಡಿಯೋ ನೋಡುವವರು ಒಂದಕ್ಕೆ ಮೂರಾದರು. ಅದೃಷ್ಟ ಅನ್ನುವವರು ಅನ್ನಲಿ, ವಿಡಿಯೋ ಅದಕ್ಕೂ ಮೊದಲೇ ಅಲ್ಲಿತ್ತು. ಹಾಕಿದ ದುಡ್ಡು ಈಗ ಹೆಚ್ಚುಕಮ್ಮಿ ವಾಪಸ್ ಬಂದಿದೆ.

ಮಧ್ಯೆ ಸುಮ್ನೆ ಜಾನಿ ಜೊತೆ ಇಟಲಿಗೆ ಆಡಿದ ಆಪೊಸಿಟ್ ಆಂಡ್ರಿಯಾ ಜೋರ್ಜಿ ಮೇಲೂ ಇದೇ ಪ್ರಯೋಗ ಮಾಡಿದೆ. ದೊಡ್ಡ ಆಟಗಾರ, ಅನುಮಾನವಿಲ್ಲ. ಆದರೆ ಆಪೊಸಿಟ್‌ಗೆ ಸಾಮಾನ್ಯವಾಗಿ ರಿಸೆಪ್ಷನ್, ಅಂದರೆ ಎದುರಾಳಿಯ ಸರ್ವ್ ಎತ್ತುವ ಕೆಲಸ ಇಲ್ಲ. ರೆಡ್ ಪಾನ್ ಓಡಾಡುವುದು ಕಮ್ಮಿ, ನೋಡುವವರಿಗೆ ಬೇಜಾರು. ಅದನ್ನು ಹಾಕಲೇ ಇಲ್ಲ.

ಮುಂದಿನದು ಎಲಿಯೊನೊರಾ ಲೊ ಬಿಯಾಂಕೊ, 2002ರಲ್ಲಿ ವಿಶ್ವ ಚಾಂಪಿಯನ್ ಆದ ಇಟಲಿ ಮಹಿಳಾ ತಂಡದ ಲಿಫ್ಟರ್, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿ ಕೊಡುವವಳು. ಲಿಫ್ಟರ್‌ಗೆ ನನ್ನ ಈ ಲೆಕ್ಕ ಆಗಿಬರುವುದಿಲ್ಲ. ಹೆಚ್ಚುಕಡಿಮೆ ಪ್ರತಿ ರ‍್ಯಾಲಿಯಲ್ಲೂ ಚೆಂಡು ಆಕೆಯ ಕೈಗೇ ಬರುತ್ತದೆ. ಅದಕ್ಕೇ ಈಗ ಪಾಸ್ ಕೆಟ್ಟು ಬಂದ ಚೆಂಡುಗಳನ್ನಷ್ಟೇ ಎಣಿಸುತ್ತಿದ್ದೇನೆ. ಕ್ಯಾಸೆಟ್ ಕೊಳ್ಳುವುದಾದರೆ ಮಾತ್ರ ಮೊದಲು ಒಳಗಿನ ಟೇಪಿನ ಫೋಟೋ ಕಳಿಸಿ ಅನ್ನುತ್ತೇನೆ.